ಸಹಾಯ ಬೇಕು: ಹಳೇ ಅಬ್ಬಲಿಗೆ ಬೀಜ, ಬಾಗಲಕೋಟೆ ಸುತ್ತಮುತ್ತ

ನಮಸ್ಕಾರ ರೀ. ಯಾರ ಹಿತ್ತಲಲ್ಲಾದರೂ ಬೀಜ ಕಟ್ಟುವ ಹಳೇ ಅಬ್ಬಲಿಗೆ, ಅಂದರೆ ಕನಕಾಂಬರ, ಇದೆಯಾ?

ಆಲಮಟ್ಟಿ ಹಿನ್ನೀರಿಗೆ ಮನೆ ಹೋಗಿ ನವನಗರಕ್ಕೆ ಬಂದಾಗ ಆಯಿ ಪಾತ್ರೆ ಪಗಡಕ್ಕಿಂತ ಮೊದಲು ಇದರ ಬೀಜ ಸೆರಗಿಗೆ ಕಟ್ಟಿಕೊಂಡಿದ್ದಳು. ಒಣಗಿದ ಕಾಯಿಗೆ ನೀರು ತಾಗಿದರೆ ಸಾಕು, ಚಟ್ ಅಂತ ಸಿಡಿಯುತ್ತದೆ. ನಾವು ಹುಡುಗರು ಉಗುಳು ಹಚ್ಚಿ ಸಿಡಿಸಿ, ಅವ್ವನ ಕಡೆ ಬೈಸಿಕೊಳ್ಳುತ್ತಿದ್ದೆವು.

ಈ ಮಳೆಗೆ ಗಿಡಗಳೆಲ್ಲ ಬಾಡಿದವು. ಎರಿ ಮಣ್ಣು, ನೀರು ನಿಲ್ಲುತ್ತದೆ. ಕಿತ್ತು ನೋಡಿದರೆ ಬೇರಿನ ತುಂಬ ಗಂಟು, ಜಂತುಹುಳದ ಕಾಟ ಇರಬೇಕು. ನರ್ಸರಿಯವರು ದಿಲ್ಲಿ ಕನಕಾಂಬರ ಕೊಡುತ್ತಾರೆ. ಚೆಂದ ಇದೆ, ಆದರೆ ಅದು ಬೀಜ ಕಟ್ಟುವುದಿಲ್ಲ ಅಲ್ವಾ?

ಈ ಹುಳ ಕಡಿಮೆಯಾಗಲಿ ಅಂತ ಬೇವಿನ ಹಿಂಡಿ ಹಾಕಿ, ಒಂದು ಸಲ ಚೆಂಡು ಹೂ ಬೆಳೆದು, ಅದೇ ಜಾಗದಲ್ಲಿ ಮತ್ತೆ ಹಚ್ಚಬಹುದಾ? ಮಾಡಿ ನೋಡಿದವರು ಹೇಳಿ. ಬೀಜ ಕೊಟ್ಟವರಿಗೆ ದುಂಡು ಮಲ್ಲಿಗೆ ಟೊಂಗೆ ನಾನೇ ತಂದು ಕೊಡುತ್ತೇನೆ.