‘ಸಮಾನಾಂತರ ಜಗತ್ತು’ ಬೇಡವಾದರೆ ಮತ್ತೇನು?

ಪ್ರಶ್ನೆ: ಹುಡುಗಿಯೊಬ್ಬಳು ಕನ್ನಡಿ ದಾಟಿ ಮಾಂತ್ರಿಕ ಲೋಕವೊಂದಕ್ಕೆ ಹೋಗುತ್ತಾಳೆ, ಅಲ್ಲಿಯ ರಾಜಕುಮಾರನಿಗೆ ಮನಸೋಲುತ್ತಾಳೆ. ಇಂಥ ಇಂಗ್ಲಿಷ್ ಕಾದಂಬರಿಗಳನ್ನು ಪರಿಚಯಿಸುವಾಗ ‘ಪ್ಯಾರಲಲ್ ವರ್ಲ್ಡ್’ಗೆ ‘ಸಮಾನಾಂತರ ಜಗತ್ತು’ ಎಂದು ಬರೆದರೆ ರೇಖಾಗಣಿತದ ಪಾಠದ ಹಾಗೆ ಕೇಳಿಸುತ್ತದೆ. ಬೇರೆ ಪದವಿದೆಯೇ? ಲೋಕದಿಂದ ಲೋಕಕ್ಕೆ ದಾಟುವ ದಾರಿಯಾದ ‘ಪೋರ್ಟಲ್’, ಜೊತೆಗೆ ‘ಮ್ಯಾಜಿಕ್’ ಇವಕ್ಕೂ ಸಲಹೆ ಬೇಕು.

ಉತ್ತರ 1: ತೊಡಕಿರುವುದು ಅರ್ಥದಲ್ಲೇ. ಸಮಾನ + ಅಂತರ ಎಂದರೆ ನಡುವಿನ ದೂರ ಒಂದೇ ಆಗಿರುವುದು. ಅಂಥ ಎರಡು ಗೆರೆಗಳು ಎಂದೂ ಕೂಡುವುದಿಲ್ಲ. ಈ ಕಥೆಗಳ ಜೀವಾಳವೇ ಎರಡು ಲೋಕ ಕೂಡುವುದು. ‘ಲೋಕಾಂತರ’ ಎನ್ನಿ. ದೇಶಾಂತರ, ಜನ್ಮಾಂತರ, ಭಾಷಾಂತರ ಇವುಗಳಲ್ಲಿ ‘ಅಂತರ’ಕ್ಕೆ ‘ಬೇರೊಂದು’ ಎಂಬ ಅರ್ಥ. ಲೋಕಾಂತರವೆಂದರೆ ಬೇರೊಂದು ಲೋಕ. ಭೌತವಿಜ್ಞಾನದ ಬರಹದಲ್ಲಿ ‘ಸಮಾನಾಂತರ ವಿಶ್ವ’ ಇರಲಿ, ಅಲ್ಲಿ ಅದು ಸರಿಯಾಗಿಯೇ ಇದೆ.

ಉತ್ತರ 2: ಒಪ್ಪಿದೆ, ಆದರೆ ಕ್ರಿಯಾಪದ ಆರಿಸುವಾಗ ಎಚ್ಚರ. ‘ಲೋಕಾಂತರಿತನಾದ’ ಎಂದರೆ ತೀರಿಕೊಂಡ ಎಂದರ್ಥ. ‘ಪರಲೋಕ’ವಂತೂ ಬೇಡವೇ ಬೇಡ. ‘ನಾಯಕಿ ಪರಲೋಕ ಸೇರಿದಳು’ ಎಂದು ಬರೆದರೆ ಕಥೆ ಅಲ್ಲಿಗೇ ಮುಗಿಯಿತು. ‘ಲೋಕಾಂತರಕ್ಕೆ ಕಾಲಿಟ್ಟಳು’, ‘ಲೋಕಾಂತರದ ಅರಸುಮಗ’ ಎಂಬ ಬಳಕೆ ಸರಿಹೋಗುತ್ತದೆ. ಸಂಭಾಷಣೆಯಲ್ಲಿ ಮಾತ್ರ ಇದು ಭಾರ. ಪಾತ್ರಗಳ ಬಾಯಲ್ಲಿ ‘ಆಚೆ ಲೋಕ’ ಸಾಕು. ಏಳು ಸಮುದ್ರದ ಆಚೆ ಎಂದು ಕಥೆ ಕೇಳಿ ಬೆಳೆದ ಕಿವಿಗೆ ‘ಆಚೆ’ ಎಂದರೇ ಅರ್ಧ ಮಾಯೆ.

‘ಪೋರ್ಟಲ್’ಗೆ ಒಂದೇ ಪದ ಹುಡುಕಬಾರದು, ಕಥೆಯಲ್ಲಿ ಏನಿದೆ ಎಂದು ನೋಡಬೇಕು. ಗೋಡೆಯಲ್ಲಿ ಬಿರುಕಿದ್ದರೆ ಕಂಡಿ, ಕೋಟೆಗೋಡೆಯ ಸಣ್ಣ ಬಾಗಿಲಾದರೆ ದಿಡ್ಡಿ, ನೆಲದಡಿಗೆ ಇಳಿಯುವುದಾದರೆ ಬಿಲ. ಎಲ್ಲದಕ್ಕೂ ‘ಮಹಾದ್ವಾರ’ ಎಂದರೆ ಗುಡಿಯ ಮುಂದೆ ನಿಂತಂತಾಗುತ್ತದೆ.

ದಾಟುವುದಕ್ಕೆ ಬಾಗಿಲೇ ಬೇಕೆಂದೂ ಇಲ್ಲ. 7ನೆಯ ಶತಮಾನದ ಬಾಣನ ಸಂಸ್ಕೃತ ಗದ್ಯಕಾವ್ಯ ‘ಕಾದಂಬರಿ’ಯಲ್ಲಿ ರಾಜಕುಮಾರ ಚಂದ್ರಾಪೀಡ ಇಂದ್ರಾಯುಧವೆಂಬ ಕುದುರೆಯೇರಿ ಕಿನ್ನರ ಜೋಡಿಯೊಂದನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಸೇನೆ ಹಿಂದೆ ಉಳಿಯುತ್ತದೆ, ಕಿನ್ನರರು ಬೆಟ್ಟ ಹತ್ತಿ ಮರೆಯಾಗುತ್ತಾರೆ. ನೀರು ಹುಡುಕುತ್ತ ಅಚ್ಛೋದ ಸರೋವರಕ್ಕೆ ಬಂದವನಿಗೆ ಹಾಡು ಕೇಳಿಸುತ್ತದೆ, ಅದರ ಜಾಡು ಹಿಡಿದು ಹೋದರೆ ಶಿವಾಲಯದಲ್ಲಿ ತಪಸ್ವಿನಿ ಮಹಾಶ್ವೇತೆ ಕಾಣುತ್ತಾಳೆ. ಅವಳ ಜೊತೆ ಹೇಮಕೂಟಕ್ಕೆ ಹೋದಾಗಲೇ ಗಂಧರ್ವಕನ್ಯೆ ಕಾದಂಬರಿಯ ಭೇಟಿ. ಗಡಿ ಎಲ್ಲಿ ದಾಟಿತೆಂದು ಅವನಿಗೂ ತಿಳಿಯದು, ಓದುಗರಿಗೂ ತಿಳಿಯದು. ಒಂದನೆಯ ನಾಗವರ್ಮ ಇದನ್ನು ‘ಕರ್ಣಾಟಕ ಕಾದಂಬರಿ’ ಎಂಬ, ಗದ್ಯಪದ್ಯ ಬೆರೆತ ಚಂಪುವಾಗಿ ಕನ್ನಡಕ್ಕೆ ತಂದ. ಇಂದು ನಾವು ‘ನಾವೆಲ್’ಗೆ ಬಳಸುವ ಪದವೇ ಆ ಗಂಧರ್ವಕನ್ಯೆಯ ಹೆಸರು! ಈ ಪ್ರಕಾರಕ್ಕೆ ಕನ್ನಡದಲ್ಲಿ ಪದಗಳಿಲ್ಲ ಎನ್ನುವವರು ಇದನ್ನೊಮ್ಮೆ ನೆನೆಯಬೇಕು.

ಉತ್ತರ 1: ‘ಮ್ಯಾಜಿಕ್’ ಉಳಿಯಿತು. ‘ಮಾಟ’ ಕೇಡಿಗೆ ಮಾಡುವಂಥದ್ದು, ಖಳನಿಗೆ ಇಡಿ. ‘ಇಂದ್ರಜಾಲ’, ‘ಜಾದೂ’ ಎಂದರೆ ಪ್ರದರ್ಶನದ ವಾಸನೆ. ‘ಯಕ್ಷಿಣಿ’ಗೂ ಅದೇ ಗತಿ, ಜೊತೆಗೆ ಕಥೆಯಲ್ಲಿ ಯಕ್ಷರಿದ್ದರೆ ವಿದ್ಯೆ ಯಾವುದು, ಹೆಣ್ಣು ಯಾರು ಎಂಬ ಗೊಂದಲ. ‘ಮಾಯೆ’ ಎಂದರೆ ಕೊನೆಗೆ ಎಲ್ಲ ಸುಳ್ಳೆಂಬ ಅನುಮಾನ ಅಂಟಿಕೊಳ್ಳುತ್ತದೆ. ಪ್ರೇಮಕಥೆಗೆ ಅದು ಪೆಟ್ಟು. ನನ್ನ ಆಯ್ಕೆ ‘ಮೋಡಿ’. ಮಂತ್ರಗಾರ ಹಾಕುವುದೂ ಮೋಡಿಯೇ, ಪ್ರೀತಿಸಿದವರ ನಗು ಮಾಡುವುದೂ ಮೋಡಿಯೇ. ‘ಅವನು ಮೋಡಿ ಹಾಕಿದನೋ, ಅವಳೇ ಮರುಳಾದಳೋ’ ಎಂದು ಬರೆದರೆ ಎರಡು ಅರ್ಥವೂ ಒಟ್ಟಿಗೆ ಬರುತ್ತವೆ.