ನಕ್ಷತ್ರಗಳತ್ತ ಸಂದೇಶ ಕಳುಹಿಸುವ ತೀರ್ಮಾನ ಯಾರದ್ದು?

ಹಾದಿಹೋಕ (ಪ್ರಶ್ನೆ)

ಸ್ನೇಹಿತರೇ, ಭೂಮಿಯಾಚೆ ಬುದ್ಧಿವಂತ ಜೀವಿಗಳಿದ್ದರೆ ಅವರ ಸಂಕೇತ ನಮಗೆ ಕೇಳಿಸೀತೇ ಎಂದು ಕಿವಿಗೊಟ್ಟು ಕಾಯುವುದಕ್ಕೆ ನನ್ನ ತಕರಾರಿಲ್ಲ. 1960ರಲ್ಲಿ ಫ್ರ್ಯಾಂಕ್ ಡ್ರೇಕ್ ಅವರು ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿದ್ದ ರೇಡಿಯೊ ದೂರದರ್ಶಕವನ್ನು ಟೌ ಸೆಟಿ ಮತ್ತು ಎಪ್ಸಿಲಾನ್ ಎರಿಡಾನಿ ಎಂಬ ಎರಡು ನಕ್ಷತ್ರಗಳತ್ತ ತಿರುಗಿಸಿದಾಗಿನಿಂದ ಈ ಹುಡುಕಾಟ ನಡೆದೇ ಇದೆ, ಅದರಿಂದ ಯಾರಿಗೂ ಕೇಡಾಗಿಲ್ಲ. ನನ್ನನ್ನು ಕಾಡುತ್ತಿರುವುದು ನಾವಾಗಿಯೇ ಮಾತನಾಡಲು ಹೊರಡುವ ಕೆಲಸ.

2008ರ ಅಕ್ಟೋಬರ್‌ನಲ್ಲಿ ಕ್ರಿಮಿಯಾದ ಯೆವ್ಪಟೋರಿಯಾದಲ್ಲಿರುವ 70 ಮೀಟರ್ ಅಗಲದ ಆಂಟೆನಾದಿಂದ ಸುಮಾರು 20 ಜ್ಯೋತಿರ್ವರ್ಷ ದೂರದ ಗ್ಲೀಸ್ 581 ನಕ್ಷತ್ರದತ್ತ 501 ಸಂದೇಶಗಳನ್ನು ಪ್ರಸಾರ ಮಾಡಲಾಯಿತು. ಅವನ್ನು ಆರಿಸಿದ್ದು ಒಂದು ಸಾಮಾಜಿಕ ಜಾಲತಾಣದ ಬಳಕೆದಾರರ ಮತಗಳು. 2017ರಲ್ಲಿ ನಾರ್ವೆಯ ಟ್ರೋಮ್ಸೊ ಬಳಿಯ ರೇಡಾರ್‌ನಿಂದ ಸಂಗೀತದ ತುಣುಕುಗಳೂ ಗಣಿತದ ಪಾಠವೂ ಇದ್ದ ಸಂದೇಶವೊಂದು 12.4 ಜ್ಯೋತಿರ್ವರ್ಷ ದೂರದ ಲೂಯ್ಟನ್ ನಕ್ಷತ್ರದತ್ತ ಹೊರಟಿತು. ಅದು ಅಲ್ಲಿಗೆ ತಲುಪುವುದು 2030ರಲ್ಲಿ. ಇಡೀ ಮನುಕುಲದ ಹೆಸರಿನಲ್ಲಿ ಹೋದ ಈ ಸಂದೇಶಗಳ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಹೀಗೆ ಕಳುಹಿಸುವುದು ಸರಿಯೇ? ಅಪಾಯದ ಮಾತು ಬರಿಯ ಕಲ್ಪನೆಯೋ, ಅದರಲ್ಲಿ ತೂಕವಿದೆಯೋ? ವಿಷಯ ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ತರಂಗ

ನಾನು ಕಳುಹಿಸುವ ಪಕ್ಷದವನು, ಕಾರಣಗಳನ್ನು ಹೇಳುತ್ತೇನೆ.

ಈ ಬಗೆಯ ಪ್ರಯತ್ನಗಳಲ್ಲಿ ಪ್ರಸಿದ್ಧವಾದದ್ದು 1974ರ ನವೆಂಬರ್ 16ರಂದು ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ ಹೊರಟ ಸಂದೇಶ. ಅದರಲ್ಲಿದ್ದದ್ದು 1679 ಬಿಟ್‌ಗಳು ಮಾತ್ರ, ಪ್ರಸಾರಕ್ಕೆ ಹಿಡಿದದ್ದು ಮೂರು ನಿಮಿಷಕ್ಕಿಂತ ಕಡಿಮೆ ಸಮಯ. 1679 ಎಂಬುದು 23 ಮತ್ತು 73 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾದ್ದರಿಂದ, ಗಣಿತ ಬಲ್ಲವರು ಆ ಬಿಟ್‌ಗಳನ್ನು 73 ಸಾಲು, 23 ಕಂಬಗಳಲ್ಲಿ ಜೋಡಿಸಿ ನೋಡಿದರೆ ಒಂದು ಚಿತ್ರ ಮೂಡುತ್ತದೆ. ಮೇಲ್ಗಡೆ ಒಂದರಿಂದ ಹತ್ತರವರೆಗಿನ ಅಂಕಿಗಳು, ಅದರ ಕೆಳಗೆ ಜಲಜನಕ, ಇಂಗಾಲ, ಸಾರಜನಕ, ಆಮ್ಲಜನಕ, ರಂಜಕಗಳ ಪರಮಾಣು ಸಂಖ್ಯೆಗಳು, ಆಮೇಲೆ ಡಿಎನ್‌ಎಯ ಸುರುಳಿ, ಒಂದು ಮನುಷ್ಯಾಕೃತಿ, ಸೌರಮಂಡಲದ ಸಾಲಿನಲ್ಲಿ ಆ ಮನುಷ್ಯನ ಕಡೆಗೆ ಒಂದು ಮೆಟ್ಟಿಲು ಸರಿದು ನಿಂತ ಭೂಮಿ, ಕಟ್ಟಕಡೆಗೆ ದೂರದರ್ಶಕದ ರೇಖಾಚಿತ್ರ. ನಾವು ಯಾರು, ಯಾವುದರಿಂದ ಆಗಿದ್ದೇವೆ, ಎಲ್ಲಿದ್ದೇವೆ ಎಂಬುದನ್ನು ಇಷ್ಟು ಕಡಿಮೆ ಚುಕ್ಕೆಗಳಲ್ಲಿ ಹೇಳಿದ ಆ ಕೆಲಸವನ್ನು ನಾನು ಮನುಷ್ಯರ ಒಳ್ಳೆಯ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಇನ್ನು ಅಪಾಯದ ಮಾತು. ಅಡಗಿ ಕೂರುವ ಕಾಲ ಎಂದೋ ಮುಗಿದಿದೆ. ನಮ್ಮ ವಾಯುಮಂಡಲದಲ್ಲಿ ಆಮ್ಲಜನಕ ಸೇರತೊಡಗಿ 200 ಕೋಟಿ ವರ್ಷಗಳಿಗೂ ಹೆಚ್ಚು ಕಾಲವಾಯಿತು. ಭೂಮಿ ಸೂರ್ಯನ ಮುಂದೆ ಹಾದುಹೋಗುವಾಗ ಗಾಳಿಯ ಪದರದೊಳಗಿಂದ ಬರುವ ಬೆಳಕನ್ನು ಬಿಡಿಸಿ ನೋಡಬಲ್ಲವರಿಗೆ ಇಲ್ಲಿ ಜೀವವಿದೆಯೆಂಬ ಬಲವಾದ ಸುಳಿವು ಅಷ್ಟೂ ಕಾಲದಿಂದ ಸಿಗುತ್ತಲೇ ಬಂದಿದೆ. ನಮ್ಮ ಸುತ್ತಲಿನ ಸುಮಾರು 326 ಜ್ಯೋತಿರ್ವರ್ಷಗಳೊಳಗೆ, ಹಿಂದಿನ 5000 ವರ್ಷ ಮತ್ತು ಮುಂದಿನ 5000 ವರ್ಷಗಳ ಅವಧಿಯಲ್ಲಿ ಭೂಮಿಯ ಇಂಥ ಅಡ್ಡಹಾಯುವಿಕೆಯನ್ನು ಕಾಣಬಲ್ಲ ಜಾಗದಲ್ಲಿರುವ ನಕ್ಷತ್ರಗಳು 2034 ಎಂದು 2021ರಲ್ಲಿ ಲೀಸಾ ಕಾಲ್ಟೆನೆಗರ್ ಮತ್ತು ಜ್ಯಾಕಿ ಫಹರ್ಟಿ ಲೆಕ್ಕ ಹಾಕಿದ್ದಾರೆ. ರೇಡಾರ್, ದೂರದರ್ಶನಗಳ ಅಲೆಗಳೂ ಹೊರಗೆ ಸೋರುತ್ತಲೇ ಇವೆ. ನಕ್ಷತ್ರಗಳ ನಡುವೆ ಪ್ರಯಾಣ ಮಾಡಿ ನಮಗೆ ಕೇಡು ಮಾಡುವಷ್ಟು ಶಕ್ತಿಯುಳ್ಳವರು ಈ ಸೋರಿಕೆಯನ್ನು ಗುರುತಿಸಲಾರರೇ? ಅದನ್ನು ಗುರುತಿಸಲಾಗದವರು ಇಲ್ಲಿಗೆ ಬರಬಲ್ಲರೇ?

ದೂರವನ್ನೂ ನೆನಪಿಡಬೇಕು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ವಾಯೇಜರ್ 1 ನೌಕೆಗೆ, ನಮಗೆ ಅತಿ ಹತ್ತಿರದ ನಕ್ಷತ್ರದಷ್ಟು ದೂರ ಕ್ರಮಿಸಲು 70 ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಲೋಹವಾಗಲಿ ನೀರಾಗಲಿ ಪ್ರತಿ ನಕ್ಷತ್ರದ ಸುತ್ತಲೂ ಸಿಗುವಾಗ ಅವನ್ನು ಕೊಳ್ಳೆ ಹೊಡೆಯಲು ಇಷ್ಟು ದೂರ ಯಾರೂ ಬರುವುದಿಲ್ಲ. ಯೆವ್ಪಟೋರಿಯಾದ ಪ್ರಸಾರಗಳ ಹಿಂದಿದ್ದ ಅಲೆಕ್ಸಾಂಡರ್ ಝೈತ್ಸೆವ್ ಅವರು ಎತ್ತಿದ ಪ್ರಶ್ನೆಗೂ ಉತ್ತರ ಬೇಕು: ಎಲ್ಲ ನಾಗರಿಕತೆಗಳೂ ಆಲಿಸುತ್ತ ಮಾತ್ರ ಕುಳಿತು ಯಾರೂ ಮಾತನಾಡದಿದ್ದರೆ ಈ ಹುಡುಕಾಟಕ್ಕೆ ಏನು ಅರ್ಥ?

ಸಪ್ತರ್ಷಿ

ತರಂಗ ಅವರ ವಿವರಣೆ ಸೊಗಸಾಗಿದೆ, ಆದರೆ ಅದರೊಳಗಿನ ಒಂದು ಕೊಂಡಿ ಸಡಿಲವಾಗಿದೆ.

ಸೋರಿಕೆ ಈಗಾಗಲೇ ಕೇಳಿಸುತ್ತಿದೆಯಾದ್ದರಿಂದ ಸಂದೇಶ ಕಳುಹಿಸಿದರೆ ಹೊಸ ಅಪಾಯವಿಲ್ಲ ಎನ್ನುತ್ತೀರಿ. ನಾವು ಬೇಕೆಂದೇ ಮಾತನಾಡದಿದ್ದರೆ ಯಾರಿಗೂ ನಮ್ಮ ಸುಳಿವು ಸಿಗುವುದಿಲ್ಲ, ಆದ್ದರಿಂದ ಕಳುಹಿಸಬೇಕು ಎಂದೂ ಹೇಳುತ್ತೀರಿ. ಎರಡೂ ಒಟ್ಟಿಗೆ ನಿಲ್ಲಬೇಕಾದರೆ, ನಮ್ಮ ಸೋರಿಕೆ ಕೇಳಿಸದ, ನಮ್ಮ ಸಂದೇಶ ಮಾತ್ರ ಕೇಳಿಸುವ ಕೇಳುಗರೆಲ್ಲರೂ ನಿರಪಾಯಕಾರಿಗಳು ಎಂದು ಒಪ್ಪಬೇಕಾಗುತ್ತದೆ. ಅದಕ್ಕೆ ಆಧಾರವೇನು? ದೂರ ಎರಡರಷ್ಟಾದರೆ ಸಂಕೇತದ ಬಲ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಎಲ್ಲ ದಿಕ್ಕಿಗೂ ಚದುರುವ ದೂರದರ್ಶನದ ಅಲೆಗಳು ಕೆಲವೇ ಜ್ಯೋತಿರ್ವರ್ಷಗಳಾಚೆ ಆಕಾಶದ ಸಹಜ ಗದ್ದಲದಲ್ಲಿ ಬೆರೆತುಹೋಗುವಷ್ಟು ಕ್ಷೀಣವಾಗುತ್ತವೆ, ಅವನ್ನು ಹೆಕ್ಕಿ ತೆಗೆಯಲು ಬೃಹತ್ತಾದ ಆಂಟೆನಾಗಳು ಬೇಕು. 305 ಮೀಟರ್ ಅಗಲದ ಅರೆಸಿಬೊ ಬಟ್ಟಲು ತನ್ನೆಲ್ಲ ಶಕ್ತಿಯನ್ನು ಕಿರಿದಾದ ಒಂದು ಎಳೆಯಾಗಿ ಒಂದೇ ದಿಕ್ಕಿಗೆ, ಒಂದೇ ಆವರ್ತನದ ಆಸುಪಾಸಿನಲ್ಲಿ ಸುರಿದದ್ದು ಬೇರೆಯೇ ಬಗೆಯದು. ಆ ದಿಕ್ಕಿನಲ್ಲಿ, ಆ ಆವರ್ತನದಲ್ಲಿ ಅದು ಸೂರ್ಯನನ್ನೂ ಮೀರಿ ಬೆಳಗಿತು.

ಕಾಲದ ಲೆಕ್ಕವೂ ಇದೆ. ಇಂದು ನಮ್ಮತ್ತ ಬರಲಾರದವರು ಸಾವಿರ ವರ್ಷಗಳ ಬಳಿಕ ಬರಬಲ್ಲವರಾಗಬಹುದು. ಆಮ್ಲಜನಕದ ಸುಳಿವು ಜೀವವಿದೆ ಎಂದಷ್ಟೇ ಹೇಳುತ್ತದೆ, ಸಂದೇಶವೋ ಇಲ್ಲಿ ಯಂತ್ರ ಕಟ್ಟಬಲ್ಲವರಿದ್ದಾರೆ, ಅವರು ಗಮನ ಬಯಸುತ್ತಿದ್ದಾರೆ ಎಂದು ಸಾರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ರೇಡಿಯೊ ಅಲೆಗೆ ಅಕ್ಷರಶಃ ಸಲ್ಲುತ್ತದೆ. ಬೆಳಕಿನ ವೇಗದಲ್ಲಿ ಹೊರಟದ್ದನ್ನು ಬೆನ್ನಟ್ಟಿ ಹಿಡಿದು ತರುವ ಉಪಾಯ ಭೌತಶಾಸ್ತ್ರದಲ್ಲಿಲ್ಲ.

1974ರ ಪ್ರಸಾರವಾದಾಗ ಬ್ರಿಟನ್ನಿನ ಆಸ್ಥಾನ ಖಗೋಳಜ್ಞರಾಗಿದ್ದ, ಅದೇ ವರ್ಷ ನೊಬೆಲ್ ಪಡೆದಿದ್ದ ಮಾರ್ಟಿನ್ ರೈಲ್ ಅವರು ಅದನ್ನು ಪ್ರತಿಭಟಿಸಿದರು. 2010ರಲ್ಲಿ ಸ್ಟೀಫನ್ ಹಾಕಿಂಗ್ ಅವರು ಕೊಲಂಬಸ್ ಬಂದಿಳಿದ ಮೇಲೆ ಅಮೆರಿಕದ ಮೂಲನಿವಾಸಿಗಳಿಗೆ ಒದಗಿದ ಗತಿಯನ್ನು ನೆನಪಿಸಿ ಎಚ್ಚರಿಸಿದರು. ಹಾಕಿಂಗ್ ಅವರ ಹೋಲಿಕೆಯನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಅನ್ಯಗ್ರಹದವರು ಕ್ರೂರಿಗಳೋ ಕರುಣಾಳುಗಳೋ ಎಂದು ಅಳೆಯಲು ನಮ್ಮ ಬಳಿ ಒಂದೇ ಒಂದು ಉದಾಹರಣೆಯೂ ಇಲ್ಲ. ಆದರೆ ಅಳೆಯಲಾಗದ ಅಪಾಯವನ್ನು ಸೊನ್ನೆಯೆಂದು ಬರೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಒಬ್ಬ ಸಂಶೋಧಕನು ತನ್ನ ಪ್ರಾಣವನ್ನು ಪಣಕ್ಕಿಟ್ಟು ಪ್ರಯೋಗ ಮಾಡಿದರೆ ಅದು ಅವನ ಇಚ್ಛೆ. ಇಲ್ಲಿ ಪಣಕ್ಕಿಟ್ಟದ್ದು ಎಲ್ಲರನ್ನೂ, ಇನ್ನೂ ಹುಟ್ಟದವರನ್ನೂ. ಅವರನ್ನು ಕೇಳದೆ ನಡೆಸುವ ಪ್ರಯೋಗ ಎಷ್ಟೇ ಸುಂದರವಾಗಿದ್ದರೂ ನನಗೆ ಒಪ್ಪಿಗೆಯಿಲ್ಲ.

ಹಾದಿಹೋಕ

ಇಬ್ಬರಿಗೂ ಧನ್ಯವಾದಗಳು. ಸಪ್ತರ್ಷಿ ಅವರೇ, ನಿಮ್ಮ ವಾದದಂತೆ ನಡೆದರೆ ಕ್ಷುದ್ರಗ್ರಹಗಳನ್ನು ಹಿಂಬಾಲಿಸುವ ಬಲವಾದ ರೇಡಾರ್‌ಗಳನ್ನೂ ನಿಲ್ಲಿಸಬೇಕಾಗುತ್ತದೆಯೇ? ಅವೂ ಆಕಾಶದತ್ತಲೇ ಅಲೆಗಳನ್ನು ಬಿಡುತ್ತವೆಯಲ್ಲವೇ? ಇದಕ್ಕೆಲ್ಲ ಕಾನೂನು ಎಂಬುದು ಏನಾದರೂ ಇದೆಯೇ?

ಕ್ಷಿತಿಜ

ರೇಡಾರ್ ನಿಲ್ಲಿಸಬೇಕಾಗಿಲ್ಲ, ನಿಲ್ಲಿಸಲೂಬಾರದು. ಅಪೋಫಿಸ್ ಎಂಬ ಕ್ಷುದ್ರಗ್ರಹ 2029ರ ಏಪ್ರಿಲ್ 13ರಂದು ನಮಗೆ ಬಹಳ ಹತ್ತಿರದಿಂದ ಹಾದುಹೋಗಲಿದೆ. ಅದು 2068ರಲ್ಲಿ ಭೂಮಿಗೆ ಬಡಿಯಬಹುದೆಂಬ ಸಣ್ಣ ಅನುಮಾನ ಬಹುಕಾಲ ಉಳಿದಿತ್ತು. 2021ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ರೇಡಾರ್ ಅದರತ್ತ ಅಲೆ ಬಿಟ್ಟು, ಮರಳಿ ಬಂದ ಪ್ರತಿಧ್ವನಿಯಿಂದ ಕಕ್ಷೆಯನ್ನು ನಿಖರವಾಗಿ ಗುರುತಿಸಿದ ಮೇಲೆಯೇ, ಕನಿಷ್ಠ ನೂರು ವರ್ಷ ಅದರಿಂದ ಅಪಾಯವಿಲ್ಲವೆಂದು ನಾಸಾ ಹೇಳಿತು. ಇಂಥ ಕೆಲಸದ ಲಾಭ ಕಣ್ಣಿಗೆ ಕಾಣುವಂಥದ್ದು. ರೇಡಾರಿನ ಎಳೆಯೂ ಕ್ಷುದ್ರಗ್ರಹದ ಹಿಂದೆ ಸರಿಯುತ್ತಲೇ ಹೋಗುತ್ತದೆ, ಒಂದೇ ನಕ್ಷತ್ರದ ಮೇಲೆ ನಿಲ್ಲುವುದಿಲ್ಲ, ಅದರಲ್ಲಿ ಓದಬೇಕಾದ ಮಾತೂ ಇರುವುದಿಲ್ಲ. ಪ್ರಸಾರದ ಬಲದ ಜೊತೆಗೆ ಅದರ ಸ್ವರೂಪವನ್ನೂ, ಅಂದರೆ ಗಮನ ಸೆಳೆಯುವ ಉದ್ದೇಶವಿದೆಯೇ ಎಂಬುದನ್ನೂ ಸೇರಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಡುವ ಸ್ಯಾನ್ ಮರೀನೊ ಮಾಪಕವನ್ನು ಹಂಗೆರಿಯ ಇವಾನ್ ಆಲ್ಮಾರ್ ಅವರು ಸೂಚಿಸಿದ್ದರ ಹಿಂದೆ ಇದೇ ವಿವೇಚನೆಯಿದೆ.

ಕಾನೂನಿನ ವಿಷಯ ಮಾತ್ರ ನಿರಾಶೆ ತರುತ್ತದೆ. 1967ರ ಬಾಹ್ಯಾಕಾಶ ಒಪ್ಪಂದದಲ್ಲಿ ನಕ್ಷತ್ರಗಳಿಗೆ ಸಂದೇಶ ಕಳುಹಿಸುವ ಬಗ್ಗೆ ಒಂದು ಮಾತೂ ಇಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಆವರ್ತನಗಳನ್ನು ಹಂಚುತ್ತದೆ, ಆದರೆ ಒಬ್ಬರ ಪ್ರಸಾರ ಇನ್ನೊಬ್ಬರದಕ್ಕೆ ಅಡ್ಡಿಯಾಗಬಾರದು ಎಂಬುದೇ ಅದರ ಕಾಳಜಿ. ಅಂತರರಾಷ್ಟ್ರೀಯ ವ್ಯೋಮಯಾನ ಅಕಾಡೆಮಿ 1989ರಲ್ಲಿ ಒಪ್ಪಿದ ತತ್ವಗಳ ಘೋಷಣೆಯಲ್ಲಿ, ಜಾಗತಿಕ ಸಮಾಲೋಚನೆ ನಡೆಯದೆ ಉತ್ತರ ಕಳುಹಿಸಬಾರದೆಂಬ ಮಾತಿದೆ. ಆದರೆ ಅದು ಅವರ ಸಂಕೇತ ನಮಗೆ ಸಿಕ್ಕ ಮೇಲಿನ ಮಾತು, ಜೊತೆಗೆ ಯಾರನ್ನೂ ಕಟ್ಟಿಹಾಕುವ ಬಲ ಅದಕ್ಕಿಲ್ಲ. ಹೀಗಾಗಿ ಒಂದು ವಿಚಿತ್ರ ಸ್ಥಿತಿ ಒದಗಿದೆ. ಅವರು ಮೊದಲು ಮಾತನಾಡಿದರೆ ನಾವು ಎಲ್ಲರನ್ನೂ ಕೇಳಿ ಉತ್ತರಿಸಬೇಕು, ನಾವೇ ಮೊದಲು ಮಾತನಾಡುವುದಾದರೆ ಯಾರನ್ನೂ ಕೇಳಬೇಕಾಗಿಲ್ಲ!

ಆದರೂ ಹತೋಟಿ ಅಸಾಧ್ಯವೆಂದು ನಾನು ತಿಳಿಯುವುದಿಲ್ಲ. ನಕ್ಷತ್ರಗಳನ್ನು ಮುಟ್ಟುವಷ್ಟು ಬಲವಾದ ಪ್ರಸಾರ ಮಾಡಬಲ್ಲ ಆಂಟೆನಾಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು, ಅವು ಸಾಮಾನ್ಯವಾಗಿ ಸಾರ್ವಜನಿಕ ಹಣದಿಂದಲೇ ನಡೆಯುತ್ತವೆ. ಅವುಗಳ ಸಮಯವನ್ನು ಹಂಚುವ ಸಮಿತಿಗಳು, ಉದ್ದೇಶಪೂರ್ವಕ ಸಂದೇಶಗಳಿಗೆ ಅಂತರರಾಷ್ಟ್ರೀಯ ಪರಿಶೀಲನೆ ಆಗಿರಲೇಬೇಕೆಂದು ಇಂದೇ ನಿಯಮ ಮಾಡಿಕೊಳ್ಳಬಹುದು, ಅದಕ್ಕೆ ಹೊಸ ಒಪ್ಪಂದಕ್ಕಾಗಿ ಕಾಯಬೇಕಾಗಿಲ್ಲ. 2015ರಲ್ಲಿ ಪ್ರಕಟವಾದ ಬ್ರೇಕ್‌ಥ್ರೂ ಮೆಸೇಜ್ ಎಂಬ ಯೋಜನೆ ಸಂದೇಶ ರಚನೆಗೆ 10 ಲಕ್ಷ ಡಾಲರ್ ಬಹುಮಾನದ ಮಾತಾಡಿದಾಗಲೂ, ವಿಜ್ಞಾನ ಮತ್ತು ರಾಜಕೀಯದ ಉನ್ನತ ಮಟ್ಟದಲ್ಲಿ ವಿಸ್ತೃತ ಚರ್ಚೆ ನಡೆಯುವ ತನಕ ಏನನ್ನೂ ಪ್ರಸಾರ ಮಾಡುವುದಿಲ್ಲವೆಂದು ಮಾತು ಕೊಟ್ಟಿತ್ತು. ಉಳಿದವರಿಂದ ಕೇಳಬೇಕಾದದ್ದೂ ಅಷ್ಟೇ.

ತರಂಗ

ಸಪ್ತರ್ಷಿ ಅವರು ತೋರಿಸಿದ ಸಡಿಲ ಕೊಂಡಿಯ ಬಗ್ಗೆ ಯೋಚಿಸಿದೆ. ನನ್ನ ವಾದ ಪೂರ್ತಿ ಬೀಳುವುದಿಲ್ಲ, ಆದರೆ ಅಪಾಯ ಕಡಿಮೆ ಎನ್ನಬಹುದೇ ಹೊರತು ಇಲ್ಲವೆನ್ನಲಾಗದು ಎಂಬುದು ನಿಜ. ಸಮಾಲೋಚನೆಗೆ ನನ್ನ ಸಮ್ಮತಿ ಇದೆ. ಅದು ಕೊನೆಯಿಲ್ಲದ ನಿಷೇಧವಾಗಿ ಬದಲಾಗದಿರಲಿ ಎಂಬುದೊಂದೇ ನನ್ನ ಬೇಡಿಕೆ. ನೂರೆಂಟು ದೇಶಗಳ ಒಮ್ಮತಕ್ಕೆ ಕಾಯುತ್ತ ಕೂತರೆ ಯಾವ ಕೆಲಸವೂ ಆಗುವುದಿಲ್ಲ. ಪರಿಶೀಲನೆಗೆ ಗಡುವು ಇರಬೇಕು, ಬೇಡವೆಂದರೆ ಕಾರಣವನ್ನು ಬರಹದಲ್ಲಿ ಕೊಡಬೇಕು.

ಕಳುಹಿಸುವವರಿಗೂ ಒಂದು ಕರಾರು ಹಾಕಬೇಕೆಂದು ನನಗೆ ಈಗ ಅನ್ನಿಸುತ್ತಿದೆ. ಅರೆಸಿಬೊ ಸಂದೇಶ ಹೊರಟದ್ದು ಸುಮಾರು 25,000 ಜ್ಯೋತಿರ್ವರ್ಷ ದೂರದ ಎಂ13 ನಕ್ಷತ್ರಗುಚ್ಛದತ್ತ. ಮೊದಲ 50 ವರ್ಷಗಳಲ್ಲಿ ಅದು ತನ್ನ ಹಾದಿಯ ಐನೂರರಲ್ಲಿ ಒಂದು ಪಾಲನ್ನಷ್ಟೇ ದಾಟಿದೆ, ಅದನ್ನು ಕಳುಹಿಸಿದ ದೂರದರ್ಶಕವೇ 2020ರ ಡಿಸೆಂಬರ್ 1ರಂದು ಕುಸಿದುಬಿತ್ತು. ಲೂಯ್ಟನ್ ನಕ್ಷತ್ರದಿಂದ ಉತ್ತರ ಬರುವುದಾದರೆ ಅದು 2042ಕ್ಕಿಂತ ಮೊದಲು ಬಾರದು. ಹೆಚ್ಚು ದೂರಕ್ಕೆ ಕಳುಹಿಸಿದಷ್ಟೂ ಉತ್ತರ ಕೇಳುವವರು ಕಳುಹಿಸಿದವರ ಮಕ್ಕಳು, ಮೊಮ್ಮಕ್ಕಳು, ಅವರಿಗೂ ಆಚೆಯವರು. ಇಂಥ ದಿಕ್ಕಿನತ್ತ ಇಂಥ ಆವರ್ತನದಲ್ಲಿ ಇಷ್ಟು ವರ್ಷ ಆಲಿಸುವ ಹೊಣೆಯನ್ನು ಯಾವ ಸಂಸ್ಥೆ, ಯಾವ ಹಣದಿಂದ ಹೊರುತ್ತದೆ ಎಂದು ಅರ್ಜಿಯಲ್ಲೇ ಬರೆದುಕೊಡಲಾಗದವರಿಗೆ ಪ್ರಸಾರದ ಸಮಯ ಕೊಡಬಾರದು.

ಸಪ್ತರ್ಷಿ

ಆ ಕರಾರಿನ ಜೊತೆಗೆ ಇನ್ನೊಂದನ್ನು ಸೇರಿಸಿದರೆ ನನ್ನ ವಿರೋಧ ಬಹುಪಾಲು ಇಳಿಯುತ್ತದೆ: ಕಳುಹಿಸುವ ಮುನ್ನ ಸಂದೇಶದ ಪೂರ್ಣ ಪಾಠ, ದಿಕ್ಕು, ಬಲ ಮತ್ತು ದಿನಾಂಕವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿ, ಆಕ್ಷೇಪಕ್ಕೆ ಕಾಲಾವಕಾಶ ಕೊಡಬೇಕು. 2017ರಂತೆ ಪ್ರಸಾರವಾದ ಮೇಲೆ ಪತ್ರಿಕೆಯಲ್ಲಿ ಓದಿ ತಿಳಿಯುವಂತಾದರೆ ಅದನ್ನು ಮನುಕುಲದ ಸಂದೇಶವೆಂದು ನಾನು ಒಪ್ಪಲಾರೆ.