ವಾಟ್ಸಾಪ್ ಸುದ್ದಿ ಪರಿಶೀಲಿಸೋದನ್ನ ಲ್ಯಾಬ್ ಇಲ್ಲದ ಶಾಲೆಯಲ್ಲಿ ಕಲಿಸೋದು ಹೇಗೆ?

ಪ್ರಶ್ನೆ:
ನಾನು ಬೀದರ್ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಮೇಷ್ಟ್ರು. ಒಂಬತ್ತನೇ ತರಗತಿಗೆ ಇದನ್ನು ಕಲಿಸಲೇಬೇಕು ಅನ್ನಿಸಿದೆ. ಕಂಪ್ಯೂಟರ್ ಇಲ್ಲ, ಮಕ್ಕಳಿಗೆ ಸಿಗೋದು ಸಂಜೆ ಹೊತ್ತು ಅಮ್ಮನ ಮೊಬೈಲ್. "ಎಲ್ಲಾ ನಂಬಬೇಡಿ" ಅಂದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1 (ಕನ್ನಡ ಶಿಕ್ಷಕಿ, ಕಲಬುರಗಿ):
ನಿಮ್ಮ ಜಿಲ್ಲೆಯಿಂದಲೇ ಸರ್. 2018ರ ಜುಲೈನಲ್ಲಿ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರಲ್ಲ, ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಷ್ಟೇ ಸಂಶಯಕ್ಕೆ ಸಾಕಾಗಿತ್ತು. ಅದೇ ವರ್ಷ ಒಂದು ವಿಡಿಯೊ ವಾಟ್ಸಾಪ್‌ನಲ್ಲಿ ದೇಶವೆಲ್ಲ ಸುತ್ತಿತು: ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಅವರೇ ಮಗುವನ್ನು ವಾಪಸ್ ಬಿಟ್ಟು ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಹರಡಿದ ತುಣುಕಿನಲ್ಲಿ ಆ ಕೊನೆಯೇ ಇರಲಿಲ್ಲ.

ನಾನು ಅದರ ನಾಲ್ಕು ದೃಶ್ಯ ಪ್ರಿಂಟ್ ಹಾಕಿಸಿ, ಮೂರನ್ನು ಮಾತ್ರ ಹಂಚುತ್ತೇನೆ. "ಏನಾಯಿತು, ಬರೀರಿ." ಎಲ್ಲರೂ ಅಪಹರಣದ ಕಥೆ ಬರೆಯುತ್ತಾರೆ. ಆಮೇಲೆ ಫಲಕದ ಚಿತ್ರ ಕೊಡುತ್ತೇನೆ. ತರಗತಿ ತಾನಾಗಿ ಕೇಳುತ್ತೆ: ಕತ್ತರಿಸಿದ್ದು ಯಾರು, ಯಾಕೆ? ಆ ಪ್ರಶ್ನೆ ಅವರ ಬಾಯಿಂದಲೇ ಬರಬೇಕು. ನಾವೇ ಹೇಳಿಬಿಟ್ಟರೆ ಅದೂ ಪರೀಕ್ಷೆಗೆ ಬಾಯಿಪಾಠವಾಗುತ್ತೆ.

ಉತ್ತರ 2 (ನಿವೃತ್ತ ಮುಖ್ಯ ಶಿಕ್ಷಕ):
ಮೇಡಂ ಹೇಳಿದ್ದು ಸರಿ, ಆದರೆ ಮುರ್ಕಿ ಮೊದಲು ಬೇಡ. ಆ ಕೇಸಿನಲ್ಲಿ ಬಂಧನವಾದವರ ಬಂಧುಗಳ ಮಕ್ಕಳು ನಿಮ್ಮ ಬೆಂಚಿನಲ್ಲೇ ಕೂತಿರಬಹುದು. ಮೊದಲ ವಾರ ಕರಾಚಿ ಚಿತ್ರ ಸಾಕು. ಎರಡನೇ ವಾರ ವಾಟ್ಸಾಪ್ ಏನು ಮಾಡಿತು ಅಂತ ಕೇಳಿ: ಆ ಜುಲೈನಲ್ಲೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ತರುವುದಾಗಿ ಘೋಷಿಸಿದರು. ಅದರಿಂದ ಏನು ನಿಲ್ಲುತ್ತೆ, ಏನು ನಿಲ್ಲಲ್ಲ ಅಂತ ಮಕ್ಕಳೇ ವಾದ ಮಾಡಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಒಂದು ಭಯ: ಮಗು ಮನೆಗೆ ಹೋಗಿ "ಅಜ್ಜಾ, ನೀನು ಕಳಿಸಿದ್ದು ಸುಳ್ಳು" ಅಂದರೆ?

ಉತ್ತರ 1 (ಕನ್ನಡ ಶಿಕ್ಷಕಿ, ಕಲಬುರಗಿ):
ಬೈಸಿಕೊಳ್ಳುತ್ತೆ, ಮತ್ತೆ ಬಾಯಿ ತೆರೆಯಲ್ಲ. ಅದಕ್ಕೇ ನಾನು ಜೋಡಿ ಮಾಡಿ ಅಭಿನಯ ಮಾಡಿಸುತ್ತೇನೆ, ಒಬ್ಬರು ಅಜ್ಜ, ಒಬ್ಬರು ಮೊಮ್ಮಗಳು. ಸುಳ್ಳು ಅನ್ನೋ ಮಾತೇ ಎತ್ತುವಂತಿಲ್ಲ. "ಅಜ್ಜಾ, ಇದು ಯಾವೂರಿಂದು? ಯಾವಾಗಿಂದು? ಮೊಬೈಲ್ ಕೊಡು, ಫೋಟೊ ಗೂಗಲ್ ಲೆನ್ಸಲ್ಲಿ ಹಾಕಿ, ಅದು ಮೊದಲು ಎಲ್ಲೆಲ್ಲಿ ಬಂದಿತ್ತು ನೋಡೋಣ." ಹುಡುಕೋದು ಇಬ್ಬರೂ ಸೇರಿ. ಮೊದಲ ದಿನದ ಪಾಠದಲ್ಲೇ ಇದನ್ನೂ ಮಾಡಿಸಿ ಸರ್, ಮುಂದಕ್ಕೆ ಹಾಕಬೇಡಿ.